ಥ್ರಿಫ್ಟ್ ಪೇಜ್, ಆ್ಯಪ್, ಸಂಡೇ ಬಜಾರ್: ಹಳೆ ಬಟ್ಟೆ ಎಲ್ಲಿ ಕೊಂಡರೆ ಕಾನೂನು ಜೊತೆಗಿರುತ್ತದೆ?

ಇನ್‌ಸ್ಟಾಗ್ರಾಂನ ಥ್ರಿಫ್ಟ್ ಪೇಜ್‌ಗಳಲ್ಲಿ ಒಂದು ಸಾಲು ಖಾಯಂ: "ನೋ ರಿಟರ್ನ್, ನೋ ರಿಫಂಡ್, ನೋ ಎಕ್ಸ್‌ಚೇಂಜ್. ಸೆಕೆಂಡ್ ಹ್ಯಾಂಡ್ ಬಟ್ಟೆ, ತಿಳಿದೇ ಕೊಳ್ಳಿ." ಪಾರ್ಸೆಲ್ ಬಿಚ್ಚಿದಾಗ ಜಾಕೆಟ್ಟಿನ ತೋಳು ಸುಲಿದು ಬಂದರೂ, ಹಳೆ ಬಟ್ಟೆಗೆ ಏನಂತ ಜಗಳ ಆಡೋದು ಎಂದು ಬಹಳಷ್ಟು ಜನ ಸುಮ್ಮನಾಗುತ್ತಾರೆ. ಆ ಒಂದು ಸಾಲಿಗೆ ಕಾನೂನಿನಲ್ಲಿ ಅಷ್ಟು ಬಲ ಇಲ್ಲ. ಹಳೆ ಬಟ್ಟೆ ಸಿಗುವ ಮೂರು ಜಾಗಗಳನ್ನು, ಜೊತೆಗೆ ಎಡವಟ್ಟಾದಾಗ ದೂರು ಕೊಡಬೇಕಾದ ಎರಡು ಸರ್ಕಾರಿ ಸೇವೆಗಳನ್ನು ಆ ದೃಷ್ಟಿಯಿಂದ ಇಲ್ಲಿ ತೂಗಿ ನೋಡಿದ್ದೇವೆ. ಬೆಲೆ, ಫ್ಯಾಷನ್, ಸಂಗ್ರಹ ಹೇಗಿದೆ ಎಂಬುದನ್ನು ಹೇಳುವವರು ಬೇಕಾದಷ್ಟಿದ್ದಾರೆ. ದುಡ್ಡು ಕೊಟ್ಟ ಮೇಲೆ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಅಳತೆಗೋಲು ಯಾವುದೆಂದು ಹೇಳಿಬಿಡಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಅದರ ಕಲಂ 2(7)ರಲ್ಲಿ ಗ್ರಾಹಕ ಎಂದರೆ ಯಾರು ಎಂಬ ವಿವರಣೆ ಇದೆ. ಸರಕು ಹೊಸದಾಗಿರಬೇಕು ಎಂಬ ಷರತ್ತು ಅಲ್ಲಿ ಎಲ್ಲೂ ಇಲ್ಲ. ಹಣ ಕೊಟ್ಟು ಸ್ವಂತಕ್ಕೆ ಕೊಂಡರೆ ಸಾಕು, ಅಂಗಡಿಯಲ್ಲಾದರೂ ಸರಿ, ಫೋನಿನಲ್ಲಾದರೂ ಸರಿ. ಕಲಂ 2(10)ರಲ್ಲಿ "ದೋಷ" ಎಂಬುದರ ಅರ್ಥ ಬರುತ್ತದೆ: ಕಾನೂನು ಕೇಳುವ ಗುಣಮಟ್ಟಕ್ಕೆ, ಒಪ್ಪಂದಕ್ಕೆ, ಇಲ್ಲವೇ ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡದ್ದಕ್ಕೆ ಸರಕು ಕಡಿಮೆ ಬಿದ್ದರೆ ಅದು ದೋಷ. ಹಳೆ ಬಟ್ಟೆಯ ವ್ಯಾಜ್ಯ ನಿಲ್ಲುವುದೂ ಬೀಳುವುದೂ ಈ ಕೊನೆಯ ಮಾತಿನ ಮೇಲೆ. ಅಂಗಿ ಮಾಸಿದೆ ಎಂದು ಹೇಳಿಯೇ ಮಾರಿದ್ದರೆ ಮಾಸಿದ್ದು ದೋಷವಲ್ಲ. "ಒಂದೂ ಕಲೆಯಿಲ್ಲ" ಎಂದು ಬರೆದು ಕಂಕುಳಲ್ಲಿ ಹಳದಿ ಕಲೆಯ ಅಂಗಿ ಕಳಿಸಿದರೆ, ಇನ್ನೂರು ರೂಪಾಯಿಯ ಅಂಗಿಯಾದರೂ ಅದು ದೋಷವೇ. ಹಾಗಾಗಿ ಹಳೆ ಬಟ್ಟೆ ಮಾರುವವರಿಗೆ ಅಂಕ ಕೊಡುವಾಗ ನೋಡಬೇಕಾದದ್ದು ಒಂದೇ: ದುಡ್ಡು ತೆಗೆದುಕೊಳ್ಳುವ ಮೊದಲು ಅವರು ಎಷ್ಟು ಬಾಯಿಬಿಡುತ್ತಾರೆ, ಅದರಲ್ಲಿ ಎಷ್ಟು ಬರಹದಲ್ಲಿ ಇರುತ್ತದೆ.

ಇನ್ನೆರಡು ಅಂಶ ನೆನಪಿರಲಿ. ಹಳೆಯ, ರಿಪೇರಿ ಮಾಡಿದ, ಬಳಸಿದ ಸರಕನ್ನು ಹೊಸದೆಂದು ಹೇಳಿ ಮಾರುವುದು ಕಲಂ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಏನೂ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದೂ ಅದೇ ಪಟ್ಟಿಯಲ್ಲಿದೆ. ಬಿಲ್ ಕೊಡದಿರುವುದೂ ಅಲ್ಲೇ ಇದೆ. ಆದರೆ "ಹಾಕಿ ನೋಡಿದೆ, ಚೆನ್ನಾಗಿ ಕಾಣಲಿಲ್ಲ, ವಾಪಸ್ ತಗೊಳ್ಳಿ" ಎನ್ನುವ ಹಕ್ಕು ನಮ್ಮ ದೇಶದ ಆನ್‌ಲೈನ್ ಖರೀದಿಗೆ ಕಾನೂನಿನಿಂದ ಬಂದಿಲ್ಲ. ದೊಡ್ಡ ಶಾಪಿಂಗ್ ಆ್ಯಪ್‌ಗಳು ಏಳು ದಿನ, ಹತ್ತು ದಿನ ಕೊಡುವುದು ಅವರವರ ನಿಯಮ. ಅಂದರೆ "ನೋ ರಿಟರ್ನ್" ಎಂಬ ಸಾಲು ಮನಸ್ಸು ಬದಲಾಯಿಸಿದವರನ್ನು ತಡೆಯುತ್ತದೆ, ದೋಷವಿರುವ ಬಟ್ಟೆ ಸಿಕ್ಕವರನ್ನು ತಡೆಯಲಾರದು.

ಥ್ರಿಫ್ಟ್ ಪೇಜ್‌ಗಳು

ಮೂರರಲ್ಲಿ ಹೆಚ್ಚು ವಹಿವಾಟು, ಹೆಚ್ಚು ತಕರಾರು ಎರಡೂ ಇಲ್ಲಿ. ನಡೆಯುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ: ಸಂಜೆ ಇಷ್ಟು ಗಂಟೆಗೆ "ಡ್ರಾಪ್" ಎಂದು ಹೇಳುತ್ತಾರೆ, ಸ್ಟೋರಿಯಲ್ಲಿ ಫೋಟೊ ಬರುತ್ತದೆ, ಮೊದಲು ಮೆಸೇಜ್ ಮಾಡಿದವರಿಗೆ ಬಟ್ಟೆ, ಹತ್ತು ನಿಮಿಷದಲ್ಲಿ ಯುಪಿಐ ಮಾಡದಿದ್ದರೆ ಮುಂದಿನವರಿಗೆ. ಈ ಅವಸರವೇ ತೊಂದರೆಯ ಮೂಲ. ಸ್ಟೋರಿ 24 ಗಂಟೆಯಲ್ಲಿ ಮಾಯ. ಮಾರುವವರು ಕಳಿಸಿದ ಮೆಸೇಜನ್ನು ಅವರೇ ಅಳಿಸಬಹುದು. ಬಟ್ಟೆ ನಿಮ್ಮ ಮನೆಗೆ ಬರುವುದು ಐದಾರು ದಿನ ಬಿಟ್ಟು. ಆ ಹೊತ್ತಿಗೆ ಅವರು ಏನು ಹೇಳಿದ್ದರು ಎಂಬುದಕ್ಕೆ ಉಳಿಯುವ ದಾಖಲೆ ನೀವು ತೆಗೆದ ಸ್ಕ್ರೀನ್‌ಶಾಟ್ ಮಾತ್ರ.

ಆದ್ದರಿಂದ ದುಡ್ಡು ಕಳಿಸುವ ಮುಂಚೆ ನಾಲ್ಕು ಪ್ರಶ್ನೆ ಮೆಸೇಜಿನಲ್ಲೇ ಕೇಳಿ, ಫೋನ್ ಮಾಡಿ ಕೇಳಬೇಡಿ. ಕಂಕುಳಿಂದ ಕಂಕುಳಿಗೆ ಎಷ್ಟು ಇಂಚು, ಭುಜದಿಂದ ಕೆಳಗೆ ಎಷ್ಟು ಉದ್ದ? ತೂತು, ಕಲೆ, ಬಿಚ್ಚಿದ ಹೊಲಿಗೆ ಏನಾದರೂ ಇದೆಯಾ? ಜಿಪ್, ಗುಂಡಿ ಎಲ್ಲಾ ಸರಿಯಾಗಿವೆಯಾ? ಒಗೆದು ಕಳಿಸುತ್ತೀರಾ? ಉತ್ತರ "ಗುಡ್ ಕಂಡೀಶನ್ ಡಿಯರ್" ಎಂದಷ್ಟೇ ಬಂದರೆ ಮತ್ತೊಮ್ಮೆ ಕೇಳಿ. ಆಗಲೂ ಉತ್ತರ ಕೊಡದವರನ್ನು ಬಿಟ್ಟುಬಿಡುವುದು ವಾಸಿ. ಇಲ್ಲಿ ಬಂದ ಒಂದೊಂದು ಉತ್ತರವೂ ಕಾಯ್ದೆ ಹೇಳುವ "ವ್ಯಾಪಾರಿ ಹೇಳಿಕೊಂಡದ್ದು". ಉತ್ತರ ಬಂದ ತಕ್ಷಣ ಪೇಜಿನ ಹೆಸರು, ದಿನಾಂಕ, ಫೋಟೊ ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ.

ಲೇಬಲ್ಲಿನ ಸೈಜನ್ನು ಮಾತ್ರ ನಂಬಲೇಬಾರದು. ಒಂದು ಬ್ರ್ಯಾಂಡಿನ ಎಂ ಇನ್ನೊಂದರ ಎಲ್ ಆಗಿರುತ್ತದೆ, ಹತ್ತಿ ಬಟ್ಟೆ ಒಗೆತದಲ್ಲಿ ಕುಗ್ಗಿರುತ್ತದೆ, ಹಿಂದಿನ ಮಾಲೀಕರು ಟೈಲರ್ ಹತ್ತಿರ ಹಿಡಿಸಿರುತ್ತಾರೆ. "ಸೈಜ್ ಎಲ್" ಎಂದು ಕಳಿಸಿ ಅದು ಚಿಕ್ಕದಾದರೆ ದೂರು ದುರ್ಬಲ, ಏಕೆಂದರೆ ಲೇಬಲ್ಲಿನಲ್ಲಿ ಎಲ್ ಎಂದೇ ಇರುತ್ತದೆ. "ಎದೆ 40 ಇಂಚು" ಎಂದು ಹೇಳಿ 36 ಕಳಿಸಿದರೆ ಮಾತು ಬೇರೆ. ಆಗ ಟೇಪ್ ಇಟ್ಟು ತೆಗೆದ ಒಂದು ಫೋಟೊ ಸಾಕು.

ಈ ಪೇಜ್‌ಗಳ ಪದಗಳನ್ನೂ ಗಮನಿಸಬೇಕು. "ಡೆಡ್ ಸ್ಟಾಕ್" ಎಂದರೆ ಮಾರಾಟವಾಗದೆ ಉಳಿದ, ಯಾರೂ ತೊಡದ ಹಳೆ ದಾಸ್ತಾನು. "ಎಕ್ಸ್‌ಪೋರ್ಟ್ ಸರ್‌ಪ್ಲಸ್" ಎಂದರೆ ರಫ್ತಿಗೆ ಹೊಲಿದು ಮಿಕ್ಕಿದ್ದು. "ಪ್ರೀ-ಲವ್ಡ್", "ವಿಂಟೇಜ್" ಎಂದರೆ ಬಳಸಿದ್ದು. ಬೇಲ್, ಅಂದರೆ ಸಗಟು ಬಟ್ಟೆಯ ದೊಡ್ಡ ಮೂಟೆ, ಬಿಚ್ಚಿ ಆರಿಸಿದ ಬಳಸಿದ ಬಟ್ಟೆಯನ್ನು ಇಸ್ತ್ರಿ ಮಾಡಿ ಡೆಡ್ ಸ್ಟಾಕ್ ಎಂದು ಮಾರಿದರೆ ಅದು ಹಳೆಯದನ್ನು ಹೊಸದೆಂದು ಮಾರಿದ್ದೇ. ಪತ್ತೆ ಮಾಡುವುದು ಕಷ್ಟವೇನಲ್ಲ. ಕಾಲರಿನ ಒಳಮಡಿಕೆ, ತೋಳಿನ ತುದಿ, ಒಗೆಯುವ ಸೂಚನೆಯ ಚಿಕ್ಕ ಲೇಬಲ್, ಈ ಮೂರನ್ನು ನೋಡಿ. ಒಮ್ಮೆ ಒಗೆದ ಬಟ್ಟೆಯ ಲೇಬಲ್ ಅಂಚು ಸುರುಳಿ ಸುತ್ತಿರುತ್ತದೆ, ಅಕ್ಷರ ಮಂಕಾಗಿರುತ್ತದೆ. ಹಾಗೆಯೇ ₹3,999ರ ಎಂಆರ್‌ಪಿ ಚೀಟಿ ತೋರಿಸಿ "ನಮ್ಮಲ್ಲಿ 799" ಎನ್ನುವ ಜಾಹೀರಾತು. ಚೀಟಿ ಬೇರೆ ಬಟ್ಟೆಯದಾಗಿದ್ದರೆ ಅದು ಬೆಲೆಯ ವಿಷಯದಲ್ಲಿ ದಾರಿ ತಪ್ಪಿಸುವುದು, ಅದಕ್ಕೂ ಕಲಂ 2(47)ರಲ್ಲಿ ಜಾಗವಿದೆ. "ಫಸ್ಟ್ ಕಾಪಿ" ಎಂದು ಬಾಯಿಬಿಟ್ಟು ಹೇಳಿಯೇ ನಕಲಿ ಬ್ರ್ಯಾಂಡ್ ಮಾರುವ ಪೇಜ್‌ಗಳ ಕಡೆ ಹೋಗಲೇಬೇಡಿ. ಗೊತ್ತಿದ್ದೂ ಕೊಂಡವರ ದೂರಿಗೆ ಗ್ರಾಹಕ ಆಯೋಗದಲ್ಲಿ ತೂಕ ಬರುವುದಿಲ್ಲ. "ಪರಿಸರಸ್ನೇಹಿ", "ಸಸ್ಟೈನಬಲ್" ಎಂಬ ಹಣೆಪಟ್ಟಿಗೂ 2024ರ ಅಕ್ಟೋಬರಿನಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಇದೆ. ಆಧಾರವಿಲ್ಲದೆ ಹಾಗೆ ಹೇಳಿಕೊಳ್ಳುವಂತಿಲ್ಲ.

ಇಂಪೋರ್ಟೆಡ್ ಎಂಬ ಮಾತಿಗೂ ಒಂದು ಹಿನ್ನೆಲೆ ಇದೆ. ಬಳಸಿದ ಬಟ್ಟೆಯನ್ನು ಭಾರತಕ್ಕೆ ತರಿಸುವುದು ನಿರ್ಬಂಧಿತ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಕತ್ತರಿಸಿ ಹಾಳುಮಾಡಿದ ಚಿಂದಿಗೆ ಬೇರೆ ನಿಯಮ, ಪಾಣಿಪತ್ತಿನಲ್ಲಿ ಅದೆಲ್ಲ ಮತ್ತೆ ನೂಲಾಗುತ್ತದೆ. ಕಾಂಡ್ಲಾದ ವಿಶೇಷ ಆರ್ಥಿಕ ವಲಯದ ಘಟಕಗಳು ಹಳೆ ಬಟ್ಟೆ ತರಿಸಿ, ವಿಂಗಡಿಸಿ, ಮತ್ತೆ ಹೊರದೇಶಕ್ಕೆ ಕಳಿಸುತ್ತವೆ. "ಕೊರಿಯಾದಿಂದ ನೇರವಾಗಿ ತರಿಸಿದ್ದು" ಎನ್ನುವವರ ಹತ್ತಿರ ಬಿಲ್ ಕೇಳಿ ನೋಡಿ. ಹೆಚ್ಚಿನವರು ಅಲ್ಲಿಗೇ ಮಾತು ನಿಲ್ಲಿಸುತ್ತಾರೆ.

ಪಾರ್ಸೆಲ್ ಬಂದ ಮೇಲಿನ ಅರ್ಧ ಗಂಟೆ ಬಹಳ ಮುಖ್ಯ. ಕವರಿನ ಮೇಲಿನ ವಿಳಾಸ ಕಾಣುವಂತೆ ಶುರುಮಾಡಿ, ಎಲ್ಲೂ ಕತ್ತರಿಸದೆ, ಬಟ್ಟೆಯ ಎರಡೂ ಬದಿ ತೋರಿಸುವ ತನಕ ಒಂದೇ ವಿಡಿಯೊ. ಕವರ್ ಎಸೆಯಬೇಡಿ. ಕಳಿಸಿದವರ ವಿಳಾಸ ಇರುವುದು ಬಹಳ ಸಲ ಅಲ್ಲಿ ಮಾತ್ರ, ಅದಿಲ್ಲದಿದ್ದರೆ ಮುಂದೆ ನೋಟಿಸ್ ಹೋಗಲು ಜಾಗವೇ ಇರುವುದಿಲ್ಲ. ಆಮೇಲೆ ಹಗಲು ಬೆಳಕಿನಲ್ಲಿ ಬಟ್ಟೆ ನೋಡಿ. ಒಳಗೆ ಟಾರ್ಚ್ ಹಿಡಿದರೆ ನುಸಿ ತಿಂದ ಸಣ್ಣ ತೂತುಗಳೆಲ್ಲ ನಕ್ಷತ್ರದ ಹಾಗೆ ಕಾಣುತ್ತವೆ. ಜಿಪ್ಪನ್ನು ನಾಲ್ಕೈದು ಸಲ ಪೂರ್ತಿ ಎಳೆಯಿರಿ. ಸೊಂಟದ ಎಲಾಸ್ಟಿಕ್ ಹಿಗ್ಗಿಸಿದಾಗ ಚರಚರ ಎಂದರೆ ಒಳಗಿನ ರಬ್ಬರ್ ಒಣಗಿ ಪುಡಿಯಾಗಿದೆ, ನಾಲ್ಕು ಒಗೆತ ತಡೆಯುವುದಿಲ್ಲ. ನುಸಿಗುಳಿಗೆಯ ವಾಸನೆ ಜೋರಾಗಿದ್ದರೆ ಕೆಳಗೆ ಬೂಷ್ಟಿನ ವಾಸನೆ ಅಡಗಿರಬಹುದು. ಚರ್ಮದಂತೆ ಕಾಣುವ ಜಾಕೆಟ್, ಬ್ಯಾಗುಗಳಲ್ಲಿ ಹೆಚ್ಚಿನವು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಲೇಪನದವು. ಗಾಳಿಯ ತೇವ ಆ ಲೇಪನವನ್ನು ನಿಧಾನಕ್ಕೆ ಒಡೆಯುತ್ತದೆ, ಬೀರುವಿನಲ್ಲಿ ಸುಮ್ಮನೆ ಇಟ್ಟಿದ್ದರೂ ಐದಾರು ವರ್ಷದಲ್ಲಿ ಹಕ್ಕಳೆಯಾಗಿ ಉದುರಲು ಶುರುವಾಗುತ್ತದೆ. ಹಾಗಾಗಿ "ಒಮ್ಮೆಯೂ ಹಾಕಿಲ್ಲ" ಎಂಬುದು ಇಂಥ ಜಾಕೆಟ್ಟಿಗೆ ಏನೂ ಭರವಸೆಯಲ್ಲ. ಮೊಣಕೈ ಮತ್ತು ಕಾಲರ್ ಮಡಿಸಿ ಹತ್ತಿರದಿಂದ ತೆಗೆದ ಫೋಟೊ ಕೇಳಿ.

ದೋಷ ಕಂಡರೆ ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಟೈಲರ್ ಹತ್ತಿರ ಕೊಡಬೇಡಿ, ಟ್ಯಾಗ್ ಕೀಳಬೇಡಿ. ಎಷ್ಟೋ ಒಳ್ಳೆಯ ದೂರುಗಳು ಕೆಡುವುದು ಇಲ್ಲಿ. ಒಂದು ಸಲ ಒಗೆದರೆ "ನಿಮ್ಮ ಮಷೀನಿನಲ್ಲಿ ಹಾಳಾಗಿದೆ" ಎಂಬ ಉತ್ತರ ತಯಾರಿರುತ್ತದೆ, ಅದನ್ನು ಸುಳ್ಳೆಂದು ತೋರಿಸಲು ದಾರಿ ಇರುವುದಿಲ್ಲ.

ಒಳ್ಳೆಯ ಪೇಜ್ ಹೇಗಿರುತ್ತದೆ? ವಿವರ ಹೀಗಿರುತ್ತದೆ: "ಹತ್ತಿ ಅಂಗಿ, ಬಳಸಿದ್ದು. ಅಗಲ 20 ಇಂಚು, ಉದ್ದ 27. ಎಡ ತೋಳಿನ ಹಿಂದೆ 2 ಮಿಲಿಮೀಟರ್ ತೂತು, ನಾಲ್ಕನೇ ಚಿತ್ರ ನೋಡಿ. ಕೆಳಗಿನ ಗುಂಡಿ ಬದಲಿಸಿದೆ. ಒಗೆದಿದೆ. ಹೇಳದ ದೋಷ ಕಂಡರೆ 3 ದಿನದೊಳಗೆ ತಿಳಿಸಿ, ಹಣ ವಾಪಸ್." ಇಂಥವರು ಇದ್ದಾರೆ, ಅವರಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮಾರುವವರಿಗೂ ಇದೇ ಕ್ಷೇಮ. ಹೇಳಿಬಿಟ್ಟ ತೂತು ದೋಷವಾಗುವುದಿಲ್ಲ, ಮುಚ್ಚಿಟ್ಟ ತೂತಿಗೆ ಹಣ ವಾಪಸ್ ಕೊಡಬೇಕು, ಕೆಲವೊಮ್ಮೆ ಮೇಲೆ ಪರಿಹಾರವನ್ನೂ ಕೊಡಬೇಕು. ಜಿಎಸ್‌ಟಿ ನೋಂದಣಿ ಇಲ್ಲದವರೂ ಬಿಲ್ ಕೊಡಬೇಕು ಎಂಬುದು ಹಲವರಿಗೆ ತಿಳಿದಿಲ್ಲ. ಹೆಸರು, ವಿಳಾಸ, ಕ್ರಮಸಂಖ್ಯೆ, ದಿನಾಂಕ, ಕೊಂಡವರ ಹೆಸರು, ಸರಕಿನ ವಿವರ, ಒಟ್ಟು ಬೆಲೆ, ದೂರಿಗೆ ಸಂಪರ್ಕ, ಸಹಿ: ಇಷ್ಟಿದ್ದರೆ ಒಂದು ಪುಟ್ಟ ಚೀಟಿಯೂ ಬಿಲ್ಲೇ.

ಒಟ್ಟಾರೆ, ಕಾನೂನಿನ ದೃಷ್ಟಿಯಲ್ಲಿ ಥ್ರಿಫ್ಟ್ ಪೇಜ್ ಅನಿಸಿದಷ್ಟು ಅಪಾಯದ ಜಾಗವಲ್ಲ. ಬರಹ, ಫೋಟೊ, ಯುಪಿಐ ರಸೀದಿ, ಕೊರಿಯರ್ ಕವರ್ ನಾಲ್ಕೂ ಸಿಗುತ್ತವೆ. ಎಲ್ಲವನ್ನೂ ಉಳಿಸಿಕೊಂಡವರಿಗೆ ಮೂರರಲ್ಲಿ ಇದೇ ಗಟ್ಟಿ ನೆಲ.

ವ್ಯಕ್ತಿಯಿಂದ ವ್ಯಕ್ತಿಗೆ

ಒಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು. ತನ್ನ ಬೀರು ಖಾಲಿ ಮಾಡುವವರು ಒಂದು ಸೀರೆ, ಎರಡು ಕೋಟು ಹಾಕಿರುತ್ತಾರೆ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಒಂದು ವಿನಾಯಿತಿ ಇದೆ: ನಿಯಮಿತ ವ್ಯಾಪಾರವಾಗಿ ಅಲ್ಲದೆ, ವೈಯಕ್ತಿಕವಾಗಿ ಮಾರುವ ವ್ಯಕ್ತಿಗೆ ಆ ನಿಯಮಗಳು ಅನ್ವಯಿಸುವುದಿಲ್ಲ. ಕುಂದುಕೊರತೆ ಅಧಿಕಾರಿ, 48 ಗಂಟೆಯೊಳಗೆ ದೂರಿನ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಇವೆಲ್ಲ ಅಂಗಡಿ ನಡೆಸುವವರಿಗೆ. ಪಕ್ಕದ ಬ್ಲಾಕಿನವರು ಕೋಟು ಮಾರಿದರೆ ಉಳಿಯುವುದು 1930ರ ಸರಕು ಮಾರಾಟ ಕಾಯ್ದೆ. ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಬೇಕು ಎಂದು ಅದರ ಕಲಂ 15 ಹೇಳುತ್ತದೆ. ಹಕ್ಕು ಇದೆ, ನಿಜ. ಎಂಟುನೂರು ರೂಪಾಯಿಯ ಕೋಟಿಗೆ ಸಿವಿಲ್ ಕೋರ್ಟಿಗೆ ಯಾರು ಹೋಗುತ್ತಾರೆ? ಆದ್ದರಿಂದ ಇಲ್ಲಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ, ಮುಂಗಡ ಕಳಿಸಬೇಡಿ.

ಈ ವಿನಾಯಿತಿಯ ಮರೆಯಲ್ಲಿ ಅಡಗುವವರೂ ಇದ್ದಾರೆ. "ಇದು ನನ್ನ ಸ್ವಂತ ಬಟ್ಟೆ" ಎನ್ನುತ್ತಲೇ ವಾರ ವಾರ ಮೂವತ್ತು ಬಟ್ಟೆ ಹಾಕುವ ಖಾತೆಗಳು. ಒಂದೇ ವಿನ್ಯಾಸ ಮೂರು ಸೈಜಿನಲ್ಲಿ, ಹಿನ್ನೆಲೆಯಲ್ಲಿ ಅದೇ ಹ್ಯಾಂಗರ್, ಪ್ರೊಫೈಲಿನಲ್ಲಿ "ಸೋಲ್ಡ್" ಎಂಬ ಹೈಲೈಟ್, ಗಿರಾಕಿಗಳ ಮೆಚ್ಚುಗೆಯ ಇನ್ನೊಂದು ಹೈಲೈಟ್. ಇವನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಇದು ನಿಯಮಿತ ವ್ಯಾಪಾರ ಎಂದು ತೋರಿಸಲು ಅವರ ಜಾಹೀರಾತೇ ಸಾಕ್ಷಿಯಾಗುತ್ತದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಈ ಗೆರೆ ಇನ್ನೂ ಸ್ಪಷ್ಟ. ಅಲ್ಲಿ ವ್ಯಾಪಾರಿಯಿಂದ ಆನ್‌ಲೈನಿನಲ್ಲಿ ಕೊಂಡರೆ ಕಾರಣ ಹೇಳದೆ 14 ದಿನದೊಳಗೆ ರದ್ದು ಮಾಡಬಹುದು, ದೋಷವಿದ್ದರೆ 30 ದಿನದೊಳಗೆ ತಿರಸ್ಕರಿಸಬಹುದು. ಹಳೆ ಬಟ್ಟೆಗೂ ಇದು ಅನ್ವಯ, ಅದರ ವಯಸ್ಸು, ಬೆಲೆ ಗಮನದಲ್ಲಿಟ್ಟುಕೊಂಡು. ಖಾಸಗಿ ವ್ಯಕ್ತಿಯಿಂದ ಕೊಂಡರೆ ಹೇಳಿದ ವಿವರಕ್ಕೆ ಹೊಂದಬೇಕು ಎಂಬಷ್ಟೇ ಹಕ್ಕು. ಹಳೆ ಬಟ್ಟೆ ಮಾರುವ ವಿಂಟೆಡ್‌ನಂಥ ಆ್ಯಪಿನಲ್ಲಿ ಮೊದಲು ನೋಡಬೇಕಾದದ್ದು ಮಾರುವವರು ವ್ಯಾಪಾರಿಯೋ ಅಲ್ಲವೋ ಎಂಬುದನ್ನು.

ಸಂಡೇ ಬಜಾರ್

ಬೆಂಗಳೂರಿನ ಚಿಕ್ಕಪೇಟೆ, ಬಿವಿಕೆ ಅಯ್ಯಂಗಾರ್ ರಸ್ತೆ ಸುತ್ತಮುತ್ತ ಭಾನುವಾರ ಬೆಳಗ್ಗೆ ಹರಡುವ ಸಂತೆಯಲ್ಲಿ ಹಳೆ ಪ್ಯಾಂಟು, ಜಾಕೆಟ್, ಶೂ ರಾಶಿ ರಾಶಿ. ಬಿಲ್ ಇಲ್ಲ, ಮುಂದಿನ ವಾರ ಅದೇ ಜಾಗದಲ್ಲಿ ಅದೇ ಮನುಷ್ಯ ಸಿಗುತ್ತಾನೆಂಬ ಖಾತರಿ ಇಲ್ಲ. ಸರಕು ಮಾರಾಟ ಕಾಯ್ದೆಯ ಕಲಂ 16 ಇಲ್ಲಿ ಕೊಳ್ಳುವವರ ವಿರುದ್ಧ ನಿಲ್ಲುತ್ತದೆ: ಸರಕನ್ನು ನೀವೇ ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಿದ್ದ ದೋಷಕ್ಕೆ ಆಮೇಲೆ ಮಾರಿದವರನ್ನು ಕೇಳುವಂತಿಲ್ಲ. ಕೈಯಲ್ಲಿ ತಿರುಗಿಸಿ ನೋಡಿ ಕೊಂಡ ಪ್ಯಾಂಟಿನ ಮೊಣಕಾಲು ತೂತಿಗೆ ನೀವೇ ಹೊಣೆ.

ಹಾಗೆಂದು ಇದನ್ನು ಕೆಟ್ಟ ಜಾಗ ಎನ್ನಲಾಗದು. ಕಾನೂನು ಕೊಡದ ರಕ್ಷಣೆಯನ್ನು ಇಲ್ಲಿ ಕಣ್ಣು, ಮೂಗು, ಬೆರಳು ಕೊಡುತ್ತವೆ. ಪೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳಿಗೆಲ್ಲ ಇಲ್ಲಿ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಒಂದು ಟೇಪು, ಒಂದು ಟಾರ್ಚು ತೆಗೆದುಕೊಂಡು ಹೋಗಿ. ಇನ್ನೂರು, ಮುನ್ನೂರರ ಮೇಲೆ ಕೊಡಬೇಕಾದ ಸರಕನ್ನು ಇಲ್ಲಿ ಕೊಳ್ಳಬೇಡಿ ಎಂಬುದು ನಮ್ಮ ಸಲಹೆ. ಯುಪಿಐನಲ್ಲೇ ಹಣ ಕೊಡಿ, ಕನಿಷ್ಠ ಒಂದು ಹೆಸರಾದರೂ ದಾಖಲೆಯಲ್ಲಿ ಉಳಿಯುತ್ತದೆ.

ಬೇಲ್ ಲೆಕ್ಕದಲ್ಲಿ ಸಗಟಾಗಿ ಕೊಂಡು ಮಾರುವವರಿಗೆ ಒಂದು ಎಚ್ಚರಿಕೆ. ಮರುಮಾರಾಟಕ್ಕೆಂದು ಕೊಂಡವರು ಕಾಯ್ದೆಯ ಪ್ರಕಾರ ಗ್ರಾಹಕರಲ್ಲ. ಸ್ವಯಂ ಉದ್ಯೋಗದವರಿಗೆ ಇರುವ ರಿಯಾಯಿತಿ ಕೊಂಡು ತಾವೇ ಬಳಸುವ ಸರಕಿಗೆ, ಹೊಲಿಗೆ ಮಷೀನಿನಂಥದಕ್ಕೆ. ಬೇಲಿನಲ್ಲಿ ಅರ್ಧ ಚಿಂದಿ ಬಂದರೆ ನಿಮ್ಮ ದಾರಿ ಸಿವಿಲ್ ಕೋರ್ಟು. ಹಾಗಾಗಿ ಬೇಲ್ ಬಿಚ್ಚಿ ತೋರಿಸದವರ ಹತ್ತಿರ ವ್ಯವಹಾರ ಬೇಡ.

ಹಳೆ ರೇಷ್ಮೆ ಸೀರೆ

ಇದನ್ನು ಬೇರೆಯಾಗಿ ಹೇಳಲೇಬೇಕು, ಏಕೆಂದರೆ ಇಲ್ಲಿ ಹೋಗುವುದು ಸಾವಿರಗಳಲ್ಲಿ. "ಅಜ್ಜಿ ಕಾಲದ ಮೈಸೂರು ಸಿಲ್ಕ್, ಅಸಲಿ ಜರಿ" ಎಂದು ಬರುವ ಪೋಸ್ಟಿನಲ್ಲಿ ಮೂರು ಹೇಳಿಕೆಗಳಿವೆ: ಅದು ರೇಷ್ಮೆ, ಅದು ಮೈಸೂರು ಸಿಲ್ಕ್, ಜರಿ ಅಸಲಿ. ಮೂರಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು.

ರೇಷ್ಮೆಯೋ ಅಲ್ಲವೋ ನೋಡಲು ಸೆರಗಿನ ತುದಿಯ ಒಂದು ಎಳೆ ಸುಟ್ಟು ನೋಡುವುದು ಹಳೆ ರೂಢಿ. ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಹಾಸು ಒಂದು ನೂಲು, ಹೊಕ್ಕು ಇನ್ನೊಂದು ಆಗಿದ್ದರೆ ಒಂದೇ ಎಳೆಯಿಂದ ತಿಳಿಯದು, ಎರಡೂ ದಿಕ್ಕಿನ ಎಳೆ ಬೇಕು. ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಬೆಂಗಳೂರಿನ ಮಡಿವಾಳದ ಬಳಿ ಕೇಂದ್ರ ರೇಷ್ಮೆ ಮಂಡಳಿಯ ಆವರಣವಿದೆ, ಅಸಲಿ ರೇಷ್ಮೆಗೆ ಕೊಡುವ ಸಿಲ್ಕ್ ಮಾರ್ಕ್ ಗುರುತಿನ ವ್ಯವಸ್ಥೆಯನ್ನು ನೋಡಿಕೊಳ್ಳುವುದೂ ಅದೇ ಮಂಡಳಿಯ ಆಶ್ರಯದ ಸಂಸ್ಥೆ. ಮೈಸೂರು ಸಿಲ್ಕ್ ಎಂಬ ಮಾತಿಗೆ, ಕರ್ನಾಟಕ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಸೀರೆಯಾದರೆ ಸೀರೆಯ ಮೇಲೆಯೇ ಕಸೂತಿಯಾದ ಸಂಕೇತ ಸಂಖ್ಯೆ, ಹಾಲೊಗ್ರಾಂ ನೋಡಿ. ತೀರಾ ಹಳೆ ಸೀರೆಯಲ್ಲಿ ಇವು ಇಲ್ಲದಿರಬಹುದು. ಆಗ ಮಾರುವವರ ಮಾತೊಂದೇ ಆಧಾರ, ಅದನ್ನು ಬರಹದಲ್ಲೇ ಪಡೆಯಿರಿ. ಇನ್ನು ಜರಿ. ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ, ಹಾಗಾಗಿ ಕಾಲಕ್ರಮೇಣ ಕಪ್ಪಾಗುತ್ತದೆ. ಅಜ್ಜಿ ಕಾಲದ್ದೆನ್ನುವ ಜರಿ ಹೊಸ ಪ್ಲಾಸ್ಟಿಕ್ಕಿನಂತೆ ಥಳಥಳ ಹೊಳೆದರೆ ಅನುಮಾನ ಪಡಲೇಬೇಕು. "ಟೆಸ್ಟೆಡ್ ಜರಿ" ಎಂಬುದು ತಾಮ್ರದ ಮೇಲಿನ ತೆಳು ಲೇಪ. ಹೆಸರು ಕೇಳಿ ಪರೀಕ್ಷೆಯಾದ ಜರಿ ಎಂದು ತಿಳಿದು ಮೋಸಹೋದವರು ಬಹಳ.

ಎಲ್ಲಕ್ಕಿಂತ ಹೆಚ್ಚಾಗಿ ಮಡಿಕೆ ನೋಡಿ. ಹತ್ತಾರು ವರ್ಷ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಗೆರೆಯಲ್ಲೇ ಪಿಸಿಯುತ್ತದೆ. ಫೋಟೊದಲ್ಲಿ ಸೀರೆ ಹೊಸದರಂತೆ ಕಂಡು, ಉಟ್ಟು ಕೂತ ತಕ್ಷಣ ಉದ್ದಕ್ಕೆ ಸೀಳು ಬಿಡುವುದು ಇದರಿಂದ. ಪೂರ್ತಿ ಬಿಚ್ಚಿ, ಬೆಳಕಿಗೆ ಎದುರು ಹಿಡಿದು ಒಡಲನ್ನು ಉದ್ದಕ್ಕೂ ತೋರಿಸುವ ವಿಡಿಯೊ ಕೇಳಿ. ಕೊಡಲೊಪ್ಪದಿದ್ದರೆ ಎಷ್ಟೇ ಕಡಿಮೆ ಬೆಲೆಯಾದರೂ ಬೇಡ.

1915 ಮತ್ತು ಇ-ಜಾಗೃತಿ

ದೋಷ ಕಂಡ ದಿನವೇ ಮಾರಿದವರಿಗೆ ಬರಹದಲ್ಲಿ ತಿಳಿಸಿ: ಏನು ಹೇಳಿದ್ದರು, ಏನು ಬಂತು, ಏನು ಬೇಕು, ಎಷ್ಟು ದಿನದೊಳಗೆ. ಬ್ಲಾಕ್ ಮಾಡಿದರೆ ಅದರ ಸ್ಕ್ರೀನ್‌ಶಾಟೂ ಇರಲಿ. ದುಡ್ಡು ತೆಗೆದುಕೊಂಡು ಬಟ್ಟೆ ಕಳಿಸದೆ ಖಾತೆಯನ್ನೇ ಅಳಿಸಿ ಹೋದರೆ ಅದು ವಂಚನೆ, ಗ್ರಾಹಕ ಸಹಾಯವಾಣಿಗೆ ಕಾಯಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ, ಬೇಗ ತಿಳಿಸಿದಷ್ಟೂ ಹಣ ಆ ಕಡೆಯ ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಕನ್ನಡದಲ್ಲೂ ಮಾತಾಡಬಹುದು, ಕರೆ ಉಚಿತ. ವಾಟ್ಸಾಪಿನಲ್ಲಿ 8800001915. ದೂರು ದಾಖಲಾದ ಮೇಲೆ ಒಂದು ಸಂಖ್ಯೆ ಕೊಡುತ್ತಾರೆ, ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ಈ ಸೇವೆಗೆ ಎರಡು ಬೇರೆ ಅಂಕ ಕೊಡಬೇಕಾಗುತ್ತದೆ. ಸಹಾಯವಾಣಿಯ ಜೊತೆ ಒಪ್ಪಂದ ಮಾಡಿಕೊಂಡ ದೊಡ್ಡ ಕಂಪನಿಗಳ ಆ್ಯಪಿನಲ್ಲಿ ಕೊಂಡಿದ್ದರೆ ಇದರಷ್ಟು ಸುಲಭದ ದಾರಿ ಬೇರೆ ಇಲ್ಲ. ಮನೆಯಿಂದ ನಡೆಯುವ ಥ್ರಿಫ್ಟ್ ಪೇಜ್ ವಿರುದ್ಧ ಇದರ ಕೈ ಸೋಲುತ್ತದೆ. ಸಹಾಯವಾಣಿ ಕೇಳಬಹುದು, ಆದೇಶ ಮಾಡಲಾರದು. ಉತ್ತರ ಕೊಡದೆ ಕೂತವರನ್ನು ಎಳೆದು ತರುವ ಅಧಿಕಾರ ಅದಕ್ಕಿಲ್ಲ. ಆದರೂ ಕರೆ ಮಾಡಿ. ವ್ಯಾಪಾರಿಗೆ ಒಂದು ಅವಕಾಶ ಕೊಟ್ಟಿದ್ದೀರಿ ಎಂಬುದಕ್ಕೆ ಆ ದೂರಿನ ಸಂಖ್ಯೆ ದಾಖಲೆ.

ಆದೇಶ ಬೇಕಾದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಅಲ್ಲಿಗೆ ಆನ್‌ಲೈನ್ ಬಾಗಿಲು ಇ-ಜಾಗೃತಿ, 2025ರ ಜನವರಿ 1ರಿಂದ. ದೂರು ಕೊಡುವ ಹಿಂದಿನ ಜಾಲತಾಣ ಇ-ದಾಖಿಲ್ ಈಗ ಇದರೊಳಗೇ ಸೇರಿದೆ. ಹಳೆ ಬಟ್ಟೆ ಕೊಂಡವರಿಗೆ ಅನುಕೂಲವಾದ ಎರಡು ಸಂಗತಿ ಇಲ್ಲಿವೆ. ಸರಕಿನ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವೇ ಇಲ್ಲ. ಮಾರಿದವರು ದೆಹಲಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇದು ಕಲಂ 34ರಲ್ಲಿ ಹೊಸದಾಗಿ ಬಂದ ಹಕ್ಕು. ವಕೀಲರು ಕಡ್ಡಾಯವಲ್ಲ. ಘಟನೆಯಾದ 2 ವರ್ಷದೊಳಗೆ ದೂರು ಕೊಡಬೇಕು.

ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿ, ಆಯೋಗ ಆರಿಸಿ, ಕಾಗದಗಳನ್ನು ಪಿಡಿಎಫ್ ಮಾಡಿ ಏರಿಸಬೇಕು: ದೂರು, ದಿನಾಂಕಗಳ ಪಟ್ಟಿ, ಎದುರುದಾರರ ಹೆಸರು ವಿಳಾಸ, ನೋಟರಿ ಮಾಡಿಸಿದ ಅಫಿಡವಿಟ್, ಸಾಕ್ಷ್ಯ. ಸ್ಕ್ರೀನ್‌ಶಾಟ್‌ಗಳ ಜೊತೆ ಡಿಜಿಟಲ್ ದಾಖಲೆಗಳಿಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಹಾಕಿದರೆ ಎದುರು ಪಕ್ಷದ ಒಂದು ತಕರಾರು ಮೊದಲೇ ಮುಗಿಯುತ್ತದೆ. ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಎದುರುದಾರರ ವಿಳಾಸದಲ್ಲಿ. ಇನ್‌ಸ್ಟಾಗ್ರಾಂ ಹೆಸರು ಬರೆದರೆ ನೋಟಿಸ್ ಹೋಗುವುದಿಲ್ಲ. ಕೊರಿಯರ್ ಕವರ್ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ. ಯುಪಿಐ ರಸೀದಿಯಲ್ಲಿ ಬ್ಯಾಂಕಿನಲ್ಲಿರುವ ಹೆಸರು ಸಿಗುತ್ತದೆ, ಎರಡೂ ಸೇರಿದರೆ ಒಬ್ಬ ವ್ಯಕ್ತಿ, ಒಂದು ವಿಳಾಸ ಆಗುತ್ತದೆ.

ಕೇಳಿಕೆಯನ್ನು ಹದದಲ್ಲಿಡಿ. ಬಟ್ಟೆಯ ಬೆಲೆ, ಎರಡೂ ಕಡೆಯ ಕೊರಿಯರ್, ಬಡ್ಡಿ, ನ್ಯಾಯವಾದ ಪರಿಹಾರ, ವ್ಯಾಜ್ಯದ ಖರ್ಚು. ಎಂಟುನೂರರ ಜಾಕೆಟ್ಟಿಗೆ ಐದು ಲಕ್ಷ ಕೇಳಿದರೆ ದೂರಿನ ಗಾಂಭೀರ್ಯವೇ ಹೋಗುತ್ತದೆ. ನೋಟಿಸ್ ಮುಟ್ಟಿದ ಮೇಲೆ ಎದುರುದಾರರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15. ಪ್ರಯೋಗಾಲಯ ಪರೀಕ್ಷೆ ಬೇಡವಾದರೆ 3 ತಿಂಗಳಲ್ಲಿ, ಬೇಕಾದರೆ 5 ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದೇ ಸಾಮಾನ್ಯ, ಇ-ಜಾಗೃತಿಗೆ ಪೂರ್ತಿ ಅಂಕ ಕೊಡಲಾಗದ್ದು ಈ ಕಾರಣಕ್ಕೆ. ಸೀರೆಯಂಥ ದುಬಾರಿ ಸರಕಿಗೆ ಖಂಡಿತ ಹೋಗಿ. ಮುನ್ನೂರು ರೂಪಾಯಿಯ ಟೀ ಶರ್ಟಿಗೆ 1915ರ ತನಕ ಸಾಕು ಎನ್ನುವವರನ್ನು ದೂರುವಂತಿಲ್ಲ.

ಆದೇಶ ಬಂದ ಮೇಲೂ ಹಣ ಕೊಡದಿದ್ದರೆ ಅದೇ ಆಯೋಗಕ್ಕೆ ಜಾರಿ ಅರ್ಜಿ ಹಾಕಬಹುದು. ಕಲಂ 72ರ ಪ್ರಕಾರ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ ₹25,000ದಿಂದ ₹1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮಾರಿದವರಿಗೆ ಕಳಿಸುವ ಮೊದಲ ನೋಟಿಸಿನಲ್ಲೇ ಈ ಕಲಮನ್ನು, ಜೊತೆಗೆ 30 ದಿನದ ವಾಪಸಾತಿಯ ಕಲಂ 2(47)ನ್ನು ಹೆಸರಿಸಿ ಬರೆಯಿರಿ. ಎಷ್ಟೋ ಪೇಜ್‌ಗಳವರು ಆಯೋಗದವರೆಗೆ ಬರದೆ ಅಲ್ಲಿಗೇ ಹಣ ಹಿಂತಿರುಗಿಸುತ್ತಾರೆ.